ಒಂದು ದಿನದ ಬಣವೆ

ನಮ್ಮ ಕಾಲದಲ್ಲಿ ಹೆಣ್ಣು ನೋಡಲು ಬಂದವರು ಮೊದಲು ನೋಡುತ್ತಿದ್ದದ್ದು ಹೆಣ್ಣನ್ನಲ್ಲ, ಹಿತ್ತಿಲ ಬಣವೆಯನ್ನು. ಕೈಕಾಲು ತೊಳೆಯುವ ನೆವ ಮಾಡಿ ಗಂಡಿನ ಕಡೆಯ ಹಿರಿಯರೊಬ್ಬರು ಹಿಂದಕ್ಕೆ ಹೋಗುತ್ತಿದ್ದರು. ಜೋಳದ ಒಣದಂಟನ್ನು, ಅಂದರೆ ಕಣಿಕೆಯನ್ನು, ಎಷ್ಟೆತ್ತರ ಒಟ್ಟಿದ್ದಾರೆ ಎಂದು ಕಣ್ಣಲ್ಲೇ ಅಳೆದು, ಏನೂ ನೋಡದವರ ಹಾಗೆ ಮುಖ ಒರೆಸಿಕೊಳ್ಳುತ್ತ ಬಂದು ಪಡಸಾಲೆಯಲ್ಲಿ ಕೂರುತ್ತಿದ್ದರು. ಬಣವೆ ದೊಡ್ಡದಿದ್ದರೆ ಹೊಲ ದೊಡ್ಡದು, ದನ ಹೆಚ್ಚು, ಮನೆತನ ಗಟ್ಟಿ. ಹುಡುಗಿಯ ಮುಖದ ಮಾತು ಆಮೇಲೆ. ಇದನ್ನು ಹೇಳಿದರೆ ನನ್ನ ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಕಲಬುರ್ಗಿಯಲ್ಲಿ, ಜಗತ್ ಬಡಾವಣೆಯ ಹತ್ತಿರದ ಈ ಮನೆಗೆ ಹಿತ್ತಿಲೇ ಇಲ್ಲ, ಇನ್ನು ಬಣವೆ ಎಲ್ಲಿಂದ ಬರಬೇಕು? ನಗಲಿ ಬಿಡಿ. ಅವರ ಮದುವೆಗಳಲ್ಲಿ ಬಂದವರು ಏನೇನು ನೋಡುತ್ತಾರೆ ಎಂಬುದೂ ನನಗೆ ಗೊತ್ತಿದೆ.

ಕಮಲಾಪುರದ ನಮ್ಮ ಮನೆ ಓಣಿಯ ತುದಿಗೆ, ಗುಡ್ಡದ ಬುಡದಲ್ಲಿತ್ತು. ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬೀದಿಗೆ ತೆರೆದ ಪಡಸಾಲೆ ಗಂಡಸರದು, ನಡುಮನೆ ದೇವರದು ಮತ್ತು ಜೋಳದ ಚೀಲಗಳದು, ಅಡುಗೆಮನೆ ಆಯಿಯದು. ಆಯಿ ಎಂದರೆ ಅಪ್ಪನ ತಾಯಿ. ಅಪ್ಪ ಅವ್ವ ಇಬ್ಬರನ್ನೂ ಪ್ಲೇಗು ಒಯ್ದ ಮೇಲೆ ನನ್ನನ್ನೂ ನನ್ನ ಅಕ್ಕ ಕಾಶಿಯನ್ನೂ ಸಾಕಿದವಳು ಅವಳೇ. ಹೊಲ ನೋಡಿಕೊಳ್ಳುತ್ತಿದ್ದವನು ಅಪ್ಪನ ತಮ್ಮ ಶರಣಪ್ಪ ಕಾಕಾ. ಮದುವೆಯ ಗೋಜಿಗೇ ಹೋಗದ ಸಾಧು ಮನುಷ್ಯ. ಆಯಿ ಹೇಳಿದ್ದಕ್ಕೂ ಹೂಂ ಎನ್ನುತ್ತಿದ್ದ, ಅವಳ ಮೇಲೆ ಜಗಳಕ್ಕೆ ಬಂದವರಿಗೂ ಹೂಂ ಎನ್ನುತ್ತಿದ್ದ. ಅಡುಗೆಮನೆಯ ಹಿಂಬಾಗಿಲು ತೆರೆದರೆ ಹಿತ್ತಿಲು. ಬಲಕ್ಕೆ ಹುಲ್ಲು ಹೊದಿಸಿದ ದನದ ಕೊಟ್ಟಿಗೆ, ಎಡಕ್ಕೆ ಬಣವೆ, ನಡುವೆ ಪಾತ್ರೆ ತಿಕ್ಕುವ ಕಲ್ಲು. ಅದರಾಚೆ ಗೋಡೆಯಿಲ್ಲ, ಬೇಲಿಯಿಲ್ಲ, ಗುಡ್ಡವೇ ಶುರು. ಬೆಳಿಗ್ಗೆ ಅಕ್ಕ ರೊಟ್ಟಿ ಬಡಿಯುವ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು. ಚಳಿಗಾಲದಲ್ಲಿ ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿಸಿಕೊಂಡು ಬಣವೆಗೆ ಬೆನ್ನು ಕೊಟ್ಟು ಎಳೆಬಿಸಿಲಲ್ಲಿ ತಿನ್ನುತ್ತಿದ್ದೆ. ಕಣಿಕೆಗೆ ಒಂದು ಸಿಹಿ ವಾಸನೆ ಇರುತ್ತದೆ. ಆ ವಾಸನೆಯೇ ನನಗೆ ಮನೆ.

ಸಂಕ್ರಾಂತಿ ಕಳೆದ ಮೇಲೆ ಗುಡ್ಡದ ಹುಲ್ಲು ಹಳದಿಯಾಗುತ್ತಿತ್ತು. ಶಿವರಾತ್ರಿಯ ಹೊತ್ತಿಗೆ ಕೈಯಲ್ಲಿ ಹಿಡಿದರೆ ಪುಡಿ ಪುಡಿ. ಆಮೇಲೆ ಯಾವಾಗಲೋ ಒಂದು ಮಧ್ಯಾಹ್ನ ಮೇಲೆಲ್ಲೋ ಹೊಗೆ ಏಳುತ್ತಿತ್ತು. ಯಾರ ಬೀಡಿಯೋ, ಯಾರ ಒಲೆಯೋ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೆಚ್ಚಿನ ವರ್ಷಗಳಲ್ಲಿ ಬೆಂಕಿ ಮೇಲೆಯೇ ಸುತ್ತಾಡಿ ಆರುತ್ತಿತ್ತು. ನಾನು ಹೇಳುತ್ತಿರುವ ವರ್ಷದ ಹಿಂದಿನ ಬೇಸಿಗೆಯಲ್ಲಿ ಮಾತ್ರ ಗಾಳಿ ತಿರುಗಿ, ಅದು ಓಣಿಗೇ ಇಳಿದು ಹುಲ್ಲು ಹೊದಿಸಿದ ಮನೆಗಳನ್ನು ಹಿಡಿದುಕೊಂಡಿತು. ಅದರಲ್ಲಿ ನಮ್ಮ ಪಕ್ಕದ ರಾಬಿಯಾ ಖಾಲಾಳ ಮನೆಯೂ ಒಂದು. ಆಕೆಯ ಗಂಡ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದವನು. ಮನೆಯೊಳಗಿನ ಹತ್ತಿಯೆಲ್ಲ ಒಂದೇ ಉಸಿರಿಗೆ ಹೋಯಿತು. ಮಕ್ಕಳನ್ನು ಕಟ್ಟಿಕೊಂಡು ಖಾಲಾ ಮಳೆಗಾಲದವರೆಗೂ ನಮ್ಮ ಪಡಸಾಲೆಯಲ್ಲಿದ್ದಳು. ಆಯಿ ಅವರಿಗೆ ಹಿಟ್ಟು ಕೊಟ್ಟಳು, ಗಡಿಗೆ ಕೊಟ್ಟಳು, ದಿನಕ್ಕೆರಡು ಸಲ ಜಗಳವನ್ನೂ ಕೊಟ್ಟಳು. ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರುತ್ತಿರಲಿಲ್ಲ.

ಮರುವರ್ಷ ಹುಲ್ಲು ಹಳದಿಯಾಗುತ್ತಲೇ ಖಾಲಾ ಮನೆಮನೆಗೆ ಹೋದಳು. ಗಂಡಸರು ಪೊಲೀಸ್ ಪಾಟೀಲರ ಕಟ್ಟೆಯಲ್ಲಿ ಕೂತು ಮಾತಾಡುವ ಹೊತ್ತಿಗೆ ಹೆಂಗಸರಲ್ಲಿ ಮಾತು ಮುಗಿದೇ ಹೋಗಿತ್ತು. ಗುಡ್ಡದ ಹುಲ್ಲು ನಿಜಾಮ ಸರ್ಕಾರದ್ದು, ಅದಕ್ಕೆ ನಾವಾಗಿ ಬೆಂಕಿ ಹಚ್ಚಿ ಸುಡುವಂತಿಲ್ಲ. ಜಂಗಲಾತಿನ, ಅಂದರೆ ಅರಣ್ಯ ಇಲಾಖೆಯ, ಚೌಕಿದಾರ ಹಿಡಿದರೆ ಜುಲ್ಮಾನೆ. ಆದರೆ ಓಣಿಯ ಹಿಂದಿನ ನೆಲ ನಮ್ಮದೇ. ಅಲ್ಲಿ ಎರಡು ಬಂಡಿ ಜೋಡಿಯಾಗಿ ಹೋಗುವಷ್ಟು ಅಗಲಕ್ಕೆ ಹುಲ್ಲು ಕೊಯ್ದು, ಬೇರು ಕೆತ್ತಿ, ಮಣ್ಣು ಕಾಣುವ ಹಾಗೆ ಮಾಡುವುದು. ಪ್ರತಿ ಮನೆಯಿಂದ ಒಬ್ಬರು ಬರಬೇಕು. ಹಿಂಬಾಗಿಲಲ್ಲಿ ನೀರು ತುಂಬಿದ ಹರವಿ ಇರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಯಾರ ಹಿತ್ತಿಲಲ್ಲೂ ಬಣವೆ ಇರಕೂಡದು. ಎಲ್ಲವನ್ನೂ ಹಳ್ಳದ ಆಚೆ ರಾಶಿ ಮಾಡುವ ಕಣಕ್ಕೆ ಒಯ್ದು ಒಟ್ಟಬೇಕು. ಇದಕ್ಕೆ ಓಣಿಯೆಲ್ಲ ಒಪ್ಪಿತು. ಒಪ್ಪದವಳು ಆಯಿ ಒಬ್ಬಳೇ.

"ಮನಿ ಹಿಂದ ಬೋಳ ಮಾಡ್ಕೊಂಡು ಕೂಡ್ರೂದು ಯಾ ಲಕ್ಷಣ? ಮನ್ಯಾಗ ಲಗ್ನಕ್ಕ ಬಂದ ಹುಡುಗಿ ಅದಾಳ. ನಾಳಿ ಯಾರರೆ ಬಂದ್ರ ಏನ್ ತೋರಿಸ್ಲಿ, ಪಾತ್ರಿ ತಿಕ್ಕೋ ಕಲ್ಲ?"

"ಆಯಿ, ಹೋದ ವರ್ಷ ನನ್ನ ಮನಿ ಸುಟ್ಟಾಗ ನಿಮ್ಮ ಪಡಸಾಲ್ಯಾಗ ಬಂದು ಬಿದ್ದೆ. ಈ ವರ್ಷ ನಿಮ್ಮದು ಸುಟ್ಟರ ನೀವು ಎಲ್ಲಿ ಹೋಗ್ತೀರಿ? ನನ್ನ ಮನಿ ಸಣ್ಣದ್ರಿ, ನೀವು ಹಿಡ್ಯಂಗಿಲ್ಲ."

ಆಯಿ ಒಳ್ಳೆ ಮೈಕಟ್ಟಿನ ಹೆಂಗಸು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಆಯಿಗೂ ನಗು ತಡೆಯಲಾಗಲಿಲ್ಲ. ಮರುದಿನ ಕಾಕಾ ಬಂಡಿ ಹೂಡಿ ನಮ್ಮ ಕಣಿಕೆಯನ್ನು ಕಣಕ್ಕೆ ಸಾಗಿಸಿದ.

ಆ ಕೆಲಸದ ದಿನಗಳನ್ನು ನಾನು ಹಬ್ಬದ ಹಾಗೆ ನೆನೆಯುತ್ತೇನೆ. ಕುಡುಗೋಲು, ಸಲಿಕೆ, ಖುರ್ಪಿ ಹಿಡಿದು ಓಣಿಯೆಲ್ಲ ಹಿತ್ತಿಲಿಗೆ ಬಂದಿತ್ತು. ಊಟದ ಹೊತ್ತಿಗೆ ಬೇವಿನ ಮರದ ಕೆಳಗೆ ರೊಟ್ಟಿಯ ಗಂಟುಗಳು ಬಿಚ್ಚಿಕೊಳ್ಳುತ್ತಿದ್ದವು. ಒಬ್ಬರ ಪುಂಡಿಪಲ್ಯ ಇನ್ನೊಬ್ಬರ ರೊಟ್ಟಿಗೆ. ಅಷ್ಟು ದಿನ ಮುಂಬಾಗಿಲಿನಿಂದ ಮಾತ್ರ ನೋಡಿದ್ದ ಮನೆಗಳನ್ನು ನಾನು ಹಿಂದಿನಿಂದ ನೋಡಿದೆ. ಯಾರ ಮನೆಯ ಹಿಂಗೋಡೆ ಸೀಳಿದೆ, ಯಾರು ಹರಿದ ಕೌದಿಯನ್ನು ಹಿಂದೆ ಒಣಹಾಕುತ್ತಾರೆ, ಯಾರ ಒಲೆಗೆ ಕಟ್ಟಿಗೆಯಿಲ್ಲ, ಎಲ್ಲ ಕಂಡಿತು. ಸಂಜೆ ಹರವಿಗಳು ತುಂಬಿವೆಯೇ ಎಂದು ನೋಡಿಬರುವ ಕೆಲಸವನ್ನು ಖಾಲಾ ನನಗೆ ವಹಿಸಿದಳು. ಖಾಲಿ ಇದ್ದರೆ ನಾನು ದೊಡ್ಡವರು ಚಿಕ್ಕವರು ಎನ್ನದೆ ಬೈಯುತ್ತಿದ್ದೆ, ಅವರು ಬೈಸಿಕೊಳ್ಳುತ್ತಿದ್ದರು. ಇನ್ನೊಬ್ಬರ ಮನೆಯ ಕ್ಷೇಮ ನನ್ನ ತಲೆನೋವು ಎಂಬ ಚಾಳಿ ನನಗೆ ಅಂಟಿಕೊಂಡದ್ದು ಆಗ. ಆಮೇಲೆ ಅದು ಬಿಟ್ಟುಹೋಗಲಿಲ್ಲ. ಅದರಿಂದ ನಾನು ಎಷ್ಟು ಜನರ ನಿಷ್ಠುರ ಕಟ್ಟಿಕೊಂಡಿದ್ದೇನೆ ಎಂಬುದು ನನ್ನ ಸೊಸೆಯಂದಿರಿಗೆ ಗೊತ್ತು.

ಹೋಳಿ ಮುಗಿದ ವಾರದಲ್ಲೇ ಕಲಬುರ್ಗಿಯಿಂದ ಸುದ್ದಿ ಬಂತು. ಸ್ಟೇಶನ್ ಬಜಾರದಲ್ಲಿ ತೊಗರಿ ವ್ಯಾಪಾರದ ಸಾಹುಕಾರರು ತಮ್ಮ ಮಗನಿಗೆ ಅಕ್ಕನನ್ನು ನೋಡಲು ಬರುತ್ತಾರೆ. ಓಣಿಯ ಹುಡುಗಿಯರಲ್ಲಿ ಅಕ್ಕನ ವಯಸ್ಸಿನವರು ಎಲ್ಲರೂ ಗಂಡನ ಮನೆ ಸೇರಿದ್ದರು. ಅಪ್ಪ ಅವ್ವ ಇಲ್ಲದವಳು ಎಂದು ಎರಡು ಸಂಬಂಧ ಹಿಂದೆ ಸರಿದಿದ್ದವು. ಇದೂ ತಪ್ಪಿದರೆ ಅಕ್ಕನಿಗೆ ಎರಡನೆಯ ಸಂಬಂಧದ ಮುದುಕನೇ ಗತಿ ಎಂದು ಆಯಿ ಹೆದರಿದ್ದಳು. ಸುದ್ದಿ ಕೇಳಿ ಅವಳು ಖುಷಿಪಡಲಿಲ್ಲ. ಹಿಂಬಾಗಿಲಲ್ಲಿ ನಿಂತು ಬೋಳು ಹಿತ್ತಿಲು ನೋಡಿದಳು, ಬಂದು ಹೊರಸಿನ ಮೇಲೆ ಮಲಗಿಬಿಟ್ಟಳು. ಆ ದಿನ ಊಟ ಮಾಡಲಿಲ್ಲ. ಖಾಲಾ ಬಂದು ಹೊರಸಿನ ಅಂಚಿಗೆ ಕೂತಳು.

"ಬಣವಿ ನಮ್ಮ ಮನಿ ಹಿಂದ ಆನಿ ಗತೆ ನಿಂತದ ಅಂತ ಮಧ್ಯಸ್ಥನ ಕೈಲೆ ಹೇಳಿ ಕಳಸೀನಿ ರಾಬಿಯಾ. ಈಗ ಏನ್ ಮಾಡ್ಲಿ? ನನ್ನ ಇಜ್ಜತ್ ಹೋತು."

"ಫಿಕರ್ ಮಾಡಬ್ಯಾಡ್ರಿ. ಒಂದ ದಿನದ ಮಾತು. ಮತ್ತ ತಂದು ಒಟ್ಟೂಣು. ಅವರು ಊಟಾ ಮಾಡಿ ಹೊಂಟ ಕೂಡ್ಲೆ ತಿರುಗಿ ಒಯ್ಯೂಣು."

"ನಮ್ಮದು ಅಷ್ಟೊಂದು ಎಲ್ಲೈತಿ? ಈ ವರ್ಷ ಬೆಳಿ ಕಮ್ಮಿ ಬಂದದ್ದು ನಿನಗ ಗೊತ್ತಿಲ್ಲೇನು?"

"ನಿಮ್ಮದು ಒಬ್ಬರದೇ ಯಾಕ? ಕಾಶಿ ಓಣಿ ಮಗಳಲ್ಲೇನ್ರೀ?"

ಬಣವೆ ತೆಗೆಯಲೇಬೇಕೆಂದು ಹಟ ಹಿಡಿದಿದ್ದವಳೇ ಅದನ್ನು ತಿರುಗಿ ಒಟ್ಟಿಸಲು ಮನೆಮನೆಗೆ ಹೋದಳು. ಯಾರೂ ಇಲ್ಲ ಎನ್ನಲಿಲ್ಲ. ಕಣದಿಂದ ಬಂಡಿಯ ಮೇಲೆ ಬಂಡಿ ಬಂದವು. ಬಂಡಿ ಇಲ್ಲದವರು ತಲೆಯ ಮೇಲೆ ಕಣಿಕೆಯ ಕಟ್ಟು, ಅಂದರೆ ಸೂಡು, ಹೊತ್ತು ತಂದರು. ಬೇಸಿಗೆ ಪೂರ್ತಿ ತಮ್ಮ ಎಮ್ಮೆ ತಿನ್ನಬೇಕಾದ ಮೇವು ಅದು. ಬಣವೆ ಏರುತ್ತ ಏರುತ್ತ ಕೊಟ್ಟಿಗೆಯ ಮಾಡನ್ನು ದಾಟಿತು. ಹಿತ್ತಿಲಲ್ಲಿ ಜಾಗ ಸಾಲದೆ ಉಳಿದದ್ದನ್ನು ಅದರ ಹಿಂದೆ, ನಾವೇ ಬೆವರು ಸುರಿಸಿ ಕೆತ್ತಿದ್ದ ಬೋಳು ನೆಲದ ಮೇಲೆ ಒಟ್ಟಿದರು. ಎಲ್ಲರ ಮುಖದಲ್ಲೂ ಮದುವೆಯ ಕಳೆ. ಅಕ್ಕ ಒಬ್ಬಳೇ ಹಿಂಬಾಗಿಲಿಗೆ ಒರಗಿ ನಿಂತಿದ್ದಳು.

"ಆಯಿ, ಬಣವಿ ಗುಡ್ಡದ ಹುಲ್ಲಿಗೆ ತಾಗ್ಯದ ನೋಡು."

"ಒಂದ ದಿನದಾಗ ಏನಾಗ್ತದ ಬೇ? ನೀ ಒಳಗ ನಡಿ, ಕೈಗೆ ಅರಿಷಿಣ ಹಚ್ಕೋ."

ಪ್ರೀತಿಯಿಂದ ಮಾಡುವ ಕೆಲಸಕ್ಕೆ ಯಾರೂ ಅಡ್ಡ ಬರುವುದಿಲ್ಲ. ಅದೇ ಅದರ ಅಪಾಯ ಎಂದು ಈಗ ನನಗೆ ಅನಿಸುತ್ತದೆ. ನಮ್ಮ ಓಣಿಯನ್ನು ಕೆಡಿಸಲು ಶತ್ರು ಬಂದಿದ್ದರೆ ಹತ್ತು ಜನ ಕೋಲು ಹಿಡಿಯುತ್ತಿದ್ದರು. ಆ ದಿನ ಬಂದದ್ದು ಅಕ್ಕನ ಒಳ್ಳೆಯದು, ಅದಕ್ಕೆ ಎಲ್ಲರೂ ಹೆಗಲು ಕೊಟ್ಟರು.

ಸಾಹುಕಾರರು, ಅವರ ಭಾವಮೈದುನ, ಸಂಬಂಧ ತಂದ ಮಧ್ಯಸ್ಥ, ಮೂವರೂ ಬಿಸಿಲೇರುವ ಮುಂಚೆ ಬಂದರು. ಸಾಹುಕಾರರು ಉದ್ದ ಕೋಟಿನ, ಮೆತ್ತಗೆ ಮಾತಾಡುವ ಮನುಷ್ಯ. ಪದ್ಧತಿಯಂತೆ ಭಾವಮೈದುನ ಕೈಕಾಲು ತೊಳೆಯಲು ಹಿತ್ತಿಲಿಗೆ ಹೋಗಿಬಂದ. ಬಂದವನೇ ಸಾಹುಕಾರರಿಗೆ ಹುಬ್ಬು ಹಾರಿಸಿದ್ದನ್ನು ಬಾಗಿಲ ಸಂದಿಯಿಂದ ಕಂಡು ಆಯಿ ಕಣ್ಣು ಮುಚ್ಚಿ ದೇವರನ್ನು ನೆನೆದಳು. ಅಕ್ಕ ಬಂದು ನಮಸ್ಕಾರ ಮಾಡಿ ಹೋದಳು. ಎಲೆ ಹಾಕಿದೆವು. ಹೋಳಿಗೆ, ತುಪ್ಪ, ಕಟ್ಟಿನ ಸಾರು, ಕಮಲಾಪುರದ ಕೆಂಪು ಬಾಳೆಹಣ್ಣು. ಕಾಕಾ ತುಪ್ಪ ಬಡಿಸುತ್ತಿದ್ದಾಗ ಕೊಟ್ಟಿಗೆಯ ಎಮ್ಮೆ ಒದರತೊಡಗಿತು. ನಾನು ಹಿಂಬಾಗಿಲಿಗೆ ಹೋದೆ. ಗುಡ್ಡದ ಮೇಲೆ ಹದ್ದುಗಳು ಗುಂಪಾಗಿ ಸುತ್ತುತ್ತಿದ್ದವು. ಬೆಂಕಿಗೆ ಹೆದರಿ ಹಾರುವ ಹುಳ ಹಿಡಿಯಲು ಅವು ಹಾಗೆ ಸೇರುತ್ತವೆ. ಅವುಗಳ ಕೆಳಗೆ, ನಮ್ಮ ಕಡೆಗೇ ಬಾಗಿದ ಹೊಗೆ.

ನನ್ನ ಕೂಗಿಗೆ ಓಣಿಯೆಲ್ಲ ಹಿಂದಕ್ಕೆ ಬಂತು. ಬೇವಿನ ಟೊಂಗೆ, ತೋಯಿಸಿದ ಕಂಬಳಿ, ಹರವಿಯ ನೀರು, ಎಲ್ಲ ಸಿದ್ಧವಿತ್ತು. ಬೆಂಕಿ ಚಟಚಟ ಎನ್ನುತ್ತ ಇಳಿಯಿತು. ಖಾಲಾಳ ಮನೆಯ ಹಿಂದೆ, ಅದರಾಚೆಯ ಮನೆಗಳ ಹಿಂದೆ, ಬೋಳು ನೆಲದ ಅಂಚಿಗೆ ಬಂದು ತಿನ್ನಲು ಏನೂ ಸಿಗದೆ ಕುಗ್ಗಿತು. ಜನ ಅದನ್ನು ಟೊಂಗೆಯಿಂದ ಬಡಿದು ಸುಲಭವಾಗಿ ಆರಿಸಿದರು. ನಮ್ಮ ಮನೆಯ ಹಿಂದೆ ಮಾತ್ರ ಅದಕ್ಕೆ ದಾರಿ ಇತ್ತು. ಬಣವೆಯ ಹಿಂಭಾಗವನ್ನು ಆ ಕ್ಷಣವೇ ಕೆಡವಿ ಎಳೆದು ಹಾಕಿದರೆ ನಡುವೆ ಜಾಗ ಬೀಳುತ್ತಿತ್ತು. ಇಲ್ಲವಾದರೆ ಬಣವೆ, ಕೊಟ್ಟಿಗೆ, ಆಮೇಲೆ ಗಾಳಿ ಬೀಸಿದ ಕಡೆಯ ಹುಲ್ಲಿನ ಮನೆಗಳೆಲ್ಲ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಯಾರೂ ಕೈ ಹಾಕಲಿಲ್ಲ. ಸಾಹುಕಾರರು ಎಂಜಲು ಕೈಯಲ್ಲೇ ಬಂದು ನಿಂತಿದ್ದರು. ಅವರ ಕಣ್ಣ ಮುಂದೆ ಕೆಡವಲು ಹೋದರೆ ಇದು ನನ್ನ ಸೂಡು, ಅದು ನಿನ್ನದು ಎಂದು ಯಾರ ಬಾಯಿಂದಲಾದರೂ ಬಂದೇ ಬರುತ್ತದೆ, ಗುಟ್ಟು ಹೊರಬೀಳುತ್ತದೆ, ಹುಡುಗಿಯ ಮದುವೆ ಮುರಿಯುತ್ತದೆ. ಜನ ಆಯಿಯ ಮುಖ ನೋಡಿದರು. ಆಯಿ ಕಾಕಾನ ಮುಖ ನೋಡಿದಳು. ಕಾಕಾ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಆಗ ಅಕ್ಕ ಹೊರಗೆ ಬಂದಳು. ಹಸಿರು ಇಳಕಲ್ ಸೀರೆ, ತಲೆತುಂಬ ಮಲ್ಲಿಗೆ. ಗಂಡಸರ ನಡುವೆ ಹಾಯ್ದು ಮುಂದೆ ನಿಂತು, ನಾನು ಹುಟ್ಟಿದಂದಿನಿಂದ ಕೇಳದ ದನಿಯಲ್ಲಿ ಕೂಗಿದಳು.

"ಏನ್ ನೋಡ್ತೀರಿ? ಆ ಬಣವಿ ನಮ್ಮದಲ್ಲ! ಓಣಿ ಮಂದಿದು, ನನ್ನ ಸಲುವಾಗಿ ತಂದು ಒಟ್ಟ್ಯಾರ! ಸಾಹುಕಾರ್ರು ನೋಡಿದ್ರ ನೋಡ್ಲಿ, ಕೆಡವ್ರಿ!"

ಕೂಗಿ ಸುಮ್ಮನಿರಲಿಲ್ಲ, ತಾನೇ ಸೂಡುಗಳನ್ನು ಹಿಡಿದು ಎಳೆಯತೊಡಗಿದಳು. ಅವಳ ಪಕ್ಕಕ್ಕೆ ಮೊದಲು ಬಂದವಳು ಖಾಲಾ. ಆಮೇಲೆ ಎಲ್ಲರೂ ಬಿದ್ದರು. ಹಿಂಭಾಗದ ಬಣವೆ ಬೆಂಕಿಯ ಪಾಲಾಯಿತು, ಮುಂಭಾಗವನ್ನು ನೀರು ಹಾಕಿ ಹಾಕಿ ಉಳಿಸಿಕೊಂಡರು. ಕೊಟ್ಟಿಗೆಯ ಮಾಡು ಅರ್ಧ ಸುಟ್ಟಿತು. ಓಣಿ ಉಳಿಯಿತು. ಸಾಹುಕಾರರ ಬಗ್ಗೆ ಸುಳ್ಳು ಹೇಳಬಾರದು, ಅವರೂ ಕೋಟು ಬಿಚ್ಚಿ ಕೊಡ ಎತ್ತಿಕೊಟ್ಟರು. ಎಲ್ಲ ಆರಿದ ಮೇಲೆ ಕೈ ತೊಳೆದು, ಸುದ್ದಿ ಕಳಿಸುತ್ತೇವೆ ಎಂದು ಆಯಿಗೆ ಕೈಮುಗಿದು ಬಂಡಿ ಹತ್ತಿದರು. ಅಕ್ಕನ ಎರಡೂ ಅಂಗೈಗಳಲ್ಲಿ ಬೊಬ್ಬೆ ಎದ್ದಿದ್ದವು. ಖಾಲಾ ಬಾಳೆದಿಂಡಿನ ರಸ ಹಚ್ಚುತ್ತ ಅಳುತ್ತಿದ್ದಳು, ಅಕ್ಕ ಅಳಲಿಲ್ಲ.

ಕೆಲವು ದಿನಗಳ ಮೇಲೆ ಸುದ್ದಿ ತಂದ ಮಧ್ಯಸ್ಥ ಪಡಸಾಲೆಯ ಅಂಚಿಗೆ ಕೂತು ನೆಲ ನೋಡುತ್ತ ಹೇಳಿದ.

"ಬಣವಿ ಮಾತು ಅವರು ಮನಸಿಗೆ ಹಚ್ಕೊಂಡಿಲ್ರೀ. ಅದು ಎಲ್ಲಾರ ಮನ್ಯಾಗ ಇರೂದೇ. ಹುಡುಗಿ ಬಾಯಿ ಜೋರ ಅದ ಅಂತ ಮನಿ ಹೆಂಗಸ್ರು ಒಲ್ಲೆ ಅಂದ್ರು. ಅಷ್ಟು ಗಂಡಸ್ರ ಮುಂದ ಒದರ್ಯಾಳಂತ."

ಅಂದಿನಿಂದ ಆಯಿ ಅಕ್ಕನ ಜೊತೆ ಮಾತು ಬಿಟ್ಟಳು. ಬೈಯಲೂ ಇಲ್ಲ. ಒಂದೇ ಒಲೆಯ ಎರಡು ಕಡೆ ಕೂತು ಇಬ್ಬರೂ ರೊಟ್ಟಿ ಮಾಡುತ್ತಿದ್ದರು, ನಡುವೆ ನಾನು. ಅಕ್ಕಗ ಉಪ್ಪು ಕೊಡಂತ ಹೇಳು, ಅಕ್ಕಗ ಎಮ್ಮಿ ಕಟ್ಟಂತ ಹೇಳು. ನಾನು ಹೇಳುವ ಮೊದಲೇ ಅಕ್ಕ ಎದ್ದಿರುತ್ತಿದ್ದಳು. ಆ ಬೇಸಿಗೆ ಓಣಿಯ ದನಗಳಿಗೆ ಮೇವು ಕಡಿಮೆಯಾಯಿತು. ಕಣದಲ್ಲಿ ಉಳಿದದ್ದು, ನಮ್ಮ ಹಿತ್ತಿಲಲ್ಲಿ ಉಳಿದದ್ದು, ಎಲ್ಲ ಸೇರಿಸಿ ಯಾರ ಸೂಡು ಯಾರದು ಎಂದು ಕೇಳದೆ ಹಂಚಿಕೊಂಡರು. ಯಾರೂ ನಮ್ಮ ಮನೆಗೆ ಬಂದು ನನ್ನ ಕಣಿಕೆ ಎನ್ನಲಿಲ್ಲ. ಅದೇ ಆಯಿಗೆ ಹೆಚ್ಚು ಭಾರವಾಯಿತು. ಯಾರಾದರೂ ಬಂದು ಜಗಳವಾಡಿದ್ದರೆ ಅವಳು ಚೇತರಿಸಿಕೊಳ್ಳುತ್ತಿದ್ದಳೇನೋ. ನನಗೆ ಆಯಿಯ ಮೇಲೆ ಸಿಟ್ಟಿತ್ತು. ಅಕ್ಕನ ಅಂಗೈಯ ಕಲೆ ನೋಡಿದಾಗಲೆಲ್ಲ ಆ ಸಿಟ್ಟು ಏರುತ್ತಿತ್ತು.

ಮರುವರ್ಷ ಹುಲ್ಲು ಕೆತ್ತುವ ದಿನ ಎಲ್ಲರಿಗಿಂತ ಮೊದಲು ಹಿತ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತವಳು ಆಯಿ. ಆ ಮೈಯಿಟ್ಟುಕೊಂಡು, ಖುರ್ಪಿ ಹಿಡಿದು, ಬೇಡವೆಂದವರಿಗೆ ಕಿವಿಗೊಡದೆ ಒಂದೊಂದೇ ಬುಡ ಕಿತ್ತಳು. ಆ ಬೇಸಿಗೆಯೂ ಬೆಂಕಿ ಇಳಿದು ಬಂತು. ನಮ್ಮ ಮನೆಯ ಹಿಂದೆ ಬೋಳು ನೆಲದ ಅಂಚಿಗೆ ಬಂದು, ಅಲ್ಲೇ ಆರಿತು. ಆಯಿ ಹಿಂಬಾಗಿಲಲ್ಲಿ ನಿಂತು ಕೊನೆಯ ಹೊಗೆ ಹೋಗುವ ತನಕ ನೋಡಿದಳು.

ಅದಾಗಿ ಸ್ವಲ್ಪ ದಿನಕ್ಕೆ ಮಹಾಗಾಂವದಿಂದ ಅಕ್ಕನನ್ನು ನೋಡಲು ಬಂದರು. ರೈತರ ಮನೆ. ಹುಡುಗನ ತಂದೆ, ತಾಯಿ, ಇಬ್ಬರೇ. ಖಾಲಾ ಬಂದು ಆಯಿಯ ಕಿವಿಯಲ್ಲಿ ಏನೋ ಕೇಳಿದಳು, ಆಯಿ ಬೇಡವೆಂದು ತಲೆಯಾಡಿಸಿದಳು. ಬಂದವರನ್ನು ಪಡಸಾಲೆಯಲ್ಲಿ ಕೂಡಲು ಬಿಡದೆ, ನಡುಮನೆ ದಾಟಿಸಿ, ಅಡುಗೆಮನೆ ದಾಟಿಸಿ, ನೆಟ್ಟಗೆ ಹಿತ್ತಿಲಿಗೆ ಕರೆದುಕೊಂಡು ಹೋದಳು. ಕಾಕಾ ಗಾಬರಿಯಾಗಿ ಹಿಂದೆ ಓಡಿದ. ಅಕ್ಕ ಒಲೆಯ ಮುಂದೆ ಕೂತಿದ್ದಳು, ಎಲ್ಲವೂ ಅವಳಿಗೆ ಕೇಳುತ್ತಿತ್ತು.

"ನೋಡ್ರಿ, ಇದು ನಮ್ಮ ಹಿತ್ತಲ. ಇಲ್ಲಿ ಬಣವಿ ಇಲ್ಲ. ಹಳ್ಳದ ಆಚಿಗೆ ಕಣದಾಗ ಅದ, ಅದೂ ಭಾಳ ದೊಡ್ಡದಲ್ಲ. ಇನ್ನೊಂದು ಮಾತು. ನಮ್ಮ ಹುಡುಗಿ ಬಾಯಿ ಜೋರ ಅದ. ಕಲಬುರ್ಗಿಯವರು ಅದಕ್ಕ ಒಲ್ಲೆ ಅಂದ್ರು. ಹೋದ ವರ್ಷ ಬೆಂಕಿ ಬಂದಾಗ ನಾನು ದೊಡ್ಡಾಕಿ, ಬಾಯಿ ಮುಚ್ಕೊಂಡು ನಿಂತಿದ್ದೆ. ಆಕಿ ಒದರಿದ್ದಕ್ಕ ಈ ಓಣಿ ಉಳದದ. ಬೇಕಾದ್ರ ಒಳಗ ಬಂದು ಕೂಡ್ರಿ, ಬ್ಯಾಡಂದ್ರ ನೀರ ಕುಡದು ಹೋಗ್ರಿ. ನನಗ ಬ್ಯಾಸರಿಲ್ಲ."

ಮಹಾಗಾಂವದ ಹೆಣ್ಣುಮಗಳು ಬೋಳು ನೆಲವನ್ನೂ ಗುಡ್ಡದ ಕರಿಯನ್ನೂ ಒಮ್ಮೆ ನೋಡಿದಳು. ತಲೆಯ ಮೇಲೆ ಸೆರಗು ಎಳೆದುಕೊಂಡು, "ಒಳಗ ನಡೀರಿ, ಬಿಸಲ ಭಾಳ ಅದ" ಎಂದಳು. ಒಲೆಯ ಮುಂದೆ ಅಕ್ಕ ಮೊಣಕಾಲಿನಲ್ಲಿ ಮುಖವಿಟ್ಟು ಅಳುತ್ತಿದ್ದಳು. ಸುಟ್ಟ ದಿನ ಅಳದವಳು, ಸಂಬಂಧ ತಪ್ಪಿದಾಗ ಅಳದವಳು. ಆಯಿ ನನಗೆ ಏನನ್ನೂ ಹೇಳಿ ಕಳಿಸಲಿಲ್ಲ. ತಾನೇ ಒಳಗೆ ಬಂದು, ಕಷ್ಟಪಟ್ಟು ಬಗ್ಗಿ, ಅಕ್ಕನ ತಲೆಯ ಮೇಲೆ ಕೈಯಿಟ್ಟಳು.

"ಏಳು ಕಾಶಿ. ಮಾರಿ ತೊಳಕೋ. ಮಂದಿ ಬಂದು ಕುಂತಾರ."